ಹಗೇವಿನ ಬಾಯಿ

ಆಗಸ್ಟ್ 6, 2023, ಭಾನುವಾರ

ನಿವೃತ್ತಳಾಗಿ ಮೂರು ವರ್ಷದ ಮೇಲೆ ಇವತ್ತು ಒಬ್ಬರು ನನ್ನನ್ನು ಪ್ರೊಫೆಸರ್ ಶಿವದೇವಿ ಎಂದು ಕರೆದರು. ನಾನು ಪ್ರೊಫೆಸರ್ ಆಗಿರಲೇ ಇಲ್ಲ. ನಾರಾಯಣಗೂಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿ, ಲೆಕ್ಚರರ್ ಆಗಿಯೇ ಹೊರಬಿದ್ದವಳು. ತಿದ್ದೋಣವೆಂದು ಬಾಯಿ ತೆರೆದೆ, ಆಮೇಲೆ ಇರಲಿ ಬಿಡು ಅನ್ನಿಸಿತು.

ಕರೆದವರ ಹೆಸರು ಆಶಿಷ್. ಅಬಿಡ್ಸಿನಲ್ಲಿ ‘ಚಾರ್ ಕುರ್ಸಿ’ ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ರಾಜಕೀಯಕ್ಕೊಂದು ಕುರ್ಚಿ, ಇತಿಹಾಸಕ್ಕೊಂದು, ವ್ಯಾಪಾರಕ್ಕೊಂದು, ಸಂಸ್ಕೃತಿಗೊಂದು. ನಾಲ್ವರು ತಜ್ಞರು ವಾರಕ್ಕೊಮ್ಮೆ ಕೂತು ಹಿಂದಿಯಲ್ಲಿ ವಾದ ಮಾಡಬೇಕು. ಸೆಪ್ಟೆಂಬರ್ ಹದಿನೇಳು ಹತ್ತಿರ ಬಂತಲ್ಲ, ನಿಜಾಮನ ರಾಜ್ಯ ಹೋಗಿ ಹೈದರಾಬಾದು ಭಾರತಕ್ಕೆ ಸೇರಿದ ದಿನ. ಅದನ್ನು ವಿಮೋಚನೆ ಅನ್ನಬೇಕೋ ವಿಲೀನ ಅನ್ನಬೇಕೋ ಎಂದು ಈ ಊರು ಪ್ರತಿವರ್ಷ ಜಗಳಾಡುತ್ತದೆ. ಈ ಸಲ ಅದರ ಮೇಲೆ ಒಂದು ಸರಣಿಯನ್ನೇ ಮಾಡುತ್ತಾರಂತೆ. ಇತಿಹಾಸದ ಕುರ್ಚಿ ಖಾಲಿ ಇದೆಯಂತೆ.

ಅವರ ಹಳೆಯದೊಂದು ಚರ್ಚೆ ಹಾಕಿ ನೋಡಿದೆ. ನಾಲ್ವರೂ ಒಟ್ಟಿಗೆ ಕೂಗುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಮಾರುವವರು ಕೂಡ ಪಕ್ಕದವನು ಮುಗಿಸಿದ ಮೇಲೆ ಕೂಗುತ್ತಾರೆ. ಇಂಥಲ್ಲಿ ನನಗೇನು ಕೆಲಸ ಎಂದೆ. ನನ್ನ ಯಜಮಾನರು ಅಮರೇಶಪ್ಪ ಅಂಚೆ ಇಲಾಖೆಯಲ್ಲಿ ದುಡಿದವರು, ಮಾತಿಗೂ ತೂಕ ನೋಡಿ ಸ್ಟಾಂಪು ಹಚ್ಚುವ ಜನ. ಪೇಪರಿನಿಂದ ತಲೆಯೆತ್ತದೆ, “ಹೋಗು. ನನಗೊಬ್ಬನಿಗೇ ಪಾಠ ಹೇಳಿ ಹೇಳಿ ನಿನಗೂ ಬ್ಯಾಸರಾಗಿರಬೇಕು” ಎಂದರು.

ಹೋಗೋಣ ಅನ್ನಿಸುವುದಕ್ಕೆ ನನ್ನಲ್ಲೂ ಒಂದು ಕಾರಣವಿದೆ. ಅದು ಅಟ್ಟದ ಮೇಲೆ ಒಂದು ಪೆಟ್ಟಿಗೆಯಲ್ಲಿ ಕೂತಿದೆ.

ಆಗಸ್ಟ್ 9, ಬುಧವಾರ

ಪೆಟ್ಟಿಗೆ ಇಳಿಸಿದೆ. ನಲವತ್ತೊಂದು ಕ್ಯಾಸೆಟ್ಟು. 1996-97ರಲ್ಲಿ ಪಿಎಚ್.ಡಿ.ಗೆಂದು ಊರೂರು ತಿರುಗಿ ಹಿರಿಯರನ್ನು ಮಾತಾಡಿಸಿದ್ದು. ಹೆಚ್ಚಿನವರು ಈಗಿಲ್ಲ. ನಿಜಾಮನ ಪರ ದಂಡು ಕಟ್ಟಿದ ರಜಾಕಾರರು ಸುಟ್ಟ ಮನೆಗಳ ಕಥೆ ಇದರಲ್ಲಿದೆ, ನನ್ನ ಅಜ್ಜನ ಮನೆಯೂ ಅದರಲ್ಲೊಂದು. ಭಾರತದ ಸೈನ್ಯ ಬಂದ ಮೇಲೆ, ರಜಾಕಾರರ ಮುಖವನ್ನೇ ನೋಡಿರದ ಬಡ ಮುಸಲ್ಮಾನರು ಸೇಡಿಗೆ ಸತ್ತ ಕಥೆಯೂ ಇದೆ. ನನ್ನ ಗೈಡು ಯಾವುದಾದರೂ ಒಂದು ಕಡೆ ನಿಲ್ಲಮ್ಮ ಅಂದರು. ಎರಡೂ ನಿಜ ಸಾರ್ ಅಂದೆ. ಪ್ರಬಂಧ ಮುಗಿಯಲಿಲ್ಲ.

ಇಪ್ಪತ್ತೇಳನೆಯ ಕ್ಯಾಸೆಟ್ಟು ಬಸವಲಿಂಗಪ್ಪ ಕಾಕಾನದು. ನಮ್ಮಪ್ಪನ ಗೆಳೆಯರು, ರೈಲ್ವೆಯಲ್ಲಿದ್ದವರು, ಈಗ ತೊಂಬತ್ತೊಂದು. ಲಿಂಗಂಪಲ್ಲಿಯಲ್ಲಿ ಮಗಳು ಶೀತಲಳ ಜತೆ ಇದ್ದಾರೆ. ಹೆಂಡತಿ ಹೋಗಿ ಬಹಳ ವರ್ಷವಾಯಿತು, ಇವಳೊಬ್ಬಳೇ ಮಗಳು, ನನ್ನ ವಿದ್ಯಾರ್ಥಿನಿ ಕೂಡ.

ನಲವತ್ತೆಂಟರಲ್ಲಿ ಕಾಕಾಗೆ ಹದಿನಾರು. ರಾಯಚೂರು ಕಡೆಯ ಹಳ್ಳಿ, ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಸೈನ್ಯ ಬಂದ ವಾರ ಊರೂರಲ್ಲಿ ಗುಂಪುಗಳೆದ್ದಿದ್ದವು. ಪಿಂಜಾರರ ಹುಸೇನಬೀ ಎರಡು ಮಕ್ಕಳನ್ನು ಎಳೆದುಕೊಂಡು ಓಡಿಬಂದಳು. ಕಾಕಾ ಮೂವರನ್ನೂ ಅಂಗಳದ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಇಳಿಸಿ ಬಾಯಿಗೆ ಕಲ್ಲು ಮುಚ್ಚಿದರು. ಬರೀ ಕಲ್ಲಿದ್ದರೆ ತೆಗೆದು ನೋಡುತ್ತಾರೆಂದು, ಸುಗ್ಗಿಯಲ್ಲಿ ಮಾಡುವ ಹಾಗೆ ಹುಲ್ಲು ಹೊದಿಸಿ ಮಣ್ಣು ಸಗಣಿಯಿಂದ ಮೆತ್ತಿದರು. ಗುಂಪು ಬಂತು, ಹುಡುಕಿತು, ಯಾರೂ ಸಿಗಲಿಲ್ಲ. ಆದರೆ ಹೋಗಲಿಲ್ಲ. ಬೆಳಿಗ್ಗೆಯಿಂದ ಹೊತ್ತು ಇಳಿಯುವತನಕ ಅದೇ ಅಂಗಳದಲ್ಲಿ ಕೂತಿತು. ಕಾಕಾನ ಅವ್ವ ಅವರಿಗೆಲ್ಲ ರೊಟ್ಟಿ ಬಡಿದಳು. ನೀನೂ ತಿನ್ನೋ ಅಂದರು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ, ಅದಕ್ಕೆ ಕಾಕಾ ಹಗೇವಿನ ಬಾಯಿಯ ಮೇಲೆಯೇ ಕೂತು ತಿಂದರು. ಎಲ್ಲರೂ ಹೋದ ಮೇಲೆ ತೆರೆದು ದೀಪ ಇಳಿಸಿದರೆ ದೀಪ ಆರಿತು. ಮೂವರೂ ಉಸಿರುಕಟ್ಟಿ ಸತ್ತಿದ್ದರು.

ಅವತ್ತಿನಿಂದ ಕಾಕಾ ಜೋಳ ಮುಟ್ಟಿಲ್ಲ.

ನನ್ನಿಂದ ಎರಡು ಮಾತು ತೆಗೆದುಕೊಂಡರು. ಬದುಕಿರುವತನಕ ಯಾರಿಗೂ ಹೇಳಬಾರದು, ಇದು ಒಂದು. ಇನ್ನೊಂದನ್ನು ಇವತ್ತು ಟೇಪಿನಲ್ಲಿ ಮತ್ತೆ ಕೇಳಿದೆ. ನಮ್ಮಲ್ಲಿ ಸತ್ತವರನ್ನು ಕುಣಿ ತೋಡಿ, ಕೂಡಿಸಿ, ಮಣ್ಣು ಮುಚ್ಚುವುದು ಪದ್ಧತಿ. “ನನ್ನ ಕುಣ್ಯಾಗ ಇಳಸಬ್ಯಾಡ್ರಿ, ಸುಟ್ಟುಬಿಡ್ರಿ. ಶೀತಲಗ ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ. ನಾ ಹೋದ ದಿನ ನೀ ಬಂದು ಹೇಳವ್ವಾ, ಕಾರಣ ಸೈತ ಹೇಳು.” ಆಗಲಿ ಕಾಕಾ ಎಂದು ನನ್ನ ದನಿಯೂ ಅದರಲ್ಲಿದೆ. ಎಷ್ಟು ಎಳೆಯ ದನಿ.

ಆ ಕ್ಯಾಸೆಟ್ಟನ್ನು ಬೇರೆ ತೆಗೆದಿಟ್ಟೆ. ಅದು ಕಾರ್ಯಕ್ರಮಕ್ಕಲ್ಲ.

ಆಗಸ್ಟ್ 13, ಭಾನುವಾರ

ಮೊದಲ ಚರ್ಚೆ ಮುಗಿಯಿತು. ಹಳೆಯ ಪುಸ್ತಕದಂಗಡಿಯ ಮೇಲೆ ಮೂರನೆಯ ಮಹಡಿ, ಲಿಫ್ಟಿಲ್ಲ. ಒಳಗೆ ಹೋಗುವ ಮೊದಲು ಎಲ್ಲರೂ ಫೋನು ಆರಿಸಿ ಬಾಗಿಲ ಹೊರಗಿನ ಬಿದಿರಿನ ಬುಟ್ಟಿಯಲ್ಲಿ ಹಾಕಬೇಕು. ಆಶಿಷ್ ತಮ್ಮದನ್ನೂ ಹಾಕುತ್ತಾರೆ. ಈ ಒಂದು ನಿಯಮ ನನಗೆ ಹಿಡಿಸಿತು.

ವ್ಯಾಪಾರದ ಕುರ್ಚಿಯಲ್ಲಿ ಋಷಭ್ ಎಂಬ ನಲವತ್ತರ ಮನುಷ್ಯ. ಪ್ಲಾಟು ಮಾರುತ್ತಾನೆ, ಬಿಡುವಿನಲ್ಲಿ ಇತಿಹಾಸ ಬರೆಯುತ್ತಾನೆ. 1948ರಲ್ಲಿ ಸೈನ್ಯ ಬಂದ ಮೇಲೆ ಯಾರೂ ಯಾರನ್ನೂ ಮುಟ್ಟಲೇ ಇಲ್ಲ, ಅದೆಲ್ಲ ಆಮೇಲೆ ಕಟ್ಟಿದ ಕಥೆ ಅಂತ ಅವನ ವಾದ. ನಾನು ನಾಲ್ಕು ನಿಮಿಷ ಮಾತಾಡಿದೆ. ರಜಾಕಾರರು ಮಾಡಿದ್ದನ್ನು ಹೇಳಿದೆ, ನನ್ನ ಅಜ್ಜನ ಮನೆಯ ಸುಟ್ಟ ತೊಲೆಯನ್ನು ಹೇಳಿದೆ, “ಆದರೆ” ಎಂದು ಮುಂದಿನದನ್ನೂ ಹೇಳಿದೆ. ಸಂಜೆ ನೋಡಿದರೆ ನಲವತ್ತು ಸೆಕೆಂಡು ಉಳಿಸಿದ್ದಾರೆ. ಆದರೆ ಎಂದಲ್ಲಿಗೆ ಕತ್ತರಿಸಿದ್ದಾರೆ. ಋಷಭ್‌ನ ಪರ ಮಾತಾಡಲು ಹೋದವಳ ಹಾಗೆ ಕಾಣುತ್ತೇನೆ.

ಆಶಿಷ್‌ಗೆ ಫೋನು ಮಾಡಿ ಜಗಳವಾಡಿದೆ. ಆತ ನಗುತ್ತ, ಜನ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ, ನಿಮ್ಮ ಆದರೆಗಳನ್ನೆಲ್ಲ ಮನೆಯಲ್ಲಿ ಬಿಟ್ಟು ಬನ್ನಿ ಅಂದರು. ಎಷ್ಟು ಸಿಟ್ಟು ಬಂತೆಂದರೆ ರಾತ್ರಿ ಊಟ ಸೇರಲಿಲ್ಲ. ಬರುವ ವಾರ ಹೋಗುವುದಿಲ್ಲ.

ಆಗಸ್ಟ್ 21, ಸೋಮವಾರ

ನಿನ್ನೆ ಹೋದೆ. ಬಿಟ್ಟುಕೊಟ್ಟರೆ ಇತಿಹಾಸದ ಕುರ್ಚಿಯಲ್ಲಿ ಯಾವನೋ ಬಂದು ಕೂರುತ್ತಾನೆ, ಅದಕ್ಕಿಂತ ನಾನೇ ವಾಸಿ. ಈ ಸಲ ಮೂರು ನಿಮಿಷ ಉಳಿಸಿದ್ದಾರೆ. ಹನ್ನೊಂದು ಸಾವಿರ ಜನ ನೋಡಿದ್ದಾರೆ. ನಾನು ಇಡೀ ಆಯುಷ್ಯದಲ್ಲಿ ಕಲಿಸಿದ ಹುಡುಗಿಯರು ಅಷ್ಟಿರಲಿಕ್ಕಿಲ್ಲ.

ಇವತ್ತು ಶ್ರಾವಣ ಸೋಮವಾರ, ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಕಡೆಯವರ ಸಂಘದ ಊಟ. ಬಸವಲಿಂಗಪ್ಪ ಕಾಕಾ ಬಂದಿದ್ದರು, ಶೀತಲ ಕೈ ಹಿಡಿದಿದ್ದಳು. ಬುಟ್ಟಿಗಟ್ಟಲೆ ರೊಟ್ಟಿ, ಎಣ್ಣೆಗಾಯಿ. ಕಾಕಾ ಎಂದಿನಂತೆ ಬರೀ ಅನ್ನ ಸಾರು. ಬಡಿಸುವವರು ಎಂದಿನಂತೆ ಚೇಷ್ಟೆ ಮಾಡಿದರು: ರಾಯಚೂರಾಗ ಹುಟ್ಟಿ ರೊಟ್ಟಿ ತಿನ್ನದಾವ್ರು ಇಡೀ ಹೈದರಾಬಾದಿನಾಗ ನೀವೊಬ್ಬರ ನೋಡ್ರಿ. ಕಾಕಾ ಎಂದಿನಂತೆ ಹೊಟ್ಟೆಗಾಗುವುದಿಲ್ಲ ಎಂದು ನಕ್ಕರು. ಹೊರಡುವಾಗ ನನ್ನ ಕೈ ಹಿಡಿದು, “ದೇವೀ, ಟಿವ್ಯಾಗ ಬರಾಕತ್ತೀಯಂತ, ಛಲೋ ಆತು. ನಿಮ್ಮಪ್ಪ ಇರಬೇಕಿತ್ತು” ಎಂದರು. ಕಣ್ಣು ತುಂಬಿ ಬಂತು.

ಸೆಪ್ಟೆಂಬರ್ 3, ಭಾನುವಾರ

ಆಶಿಷ್ ಹೇಳುವುದರಲ್ಲಿ ತಪ್ಪೇನಿಲ್ಲ. ಬಿಗಿಯಾಗಿ ಹೇಳುವುದೂ ಒಂದು ವಿದ್ಯೆ. ಹೋದ ವಾರದಿಂದ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ತಿಳಿ ಬಣ್ಣದ ಸೀರೆ ಬೆಳಕಿಗೆ ಬಿಳುಚಿಕೊಳ್ಳುತ್ತದೆ, ಇಳಕಲ್ ಸೀರೆಯ ಕೆಂಪು ಸೆರಗು ಚೆನ್ನಾಗಿ ಕಾಣುತ್ತದೆ.

ಕೆಳಗಿನ ಪುಸ್ತಕದಂಗಡಿಯವನು ಕುರ್ಚಿ ಕೊಟ್ಟು ಚಹಾ ತರಿಸಿದ. ನಲವತ್ತು ವರ್ಷದಿಂದ ಆ ಅಂಗಡಿಗೆ ಹೋಗುತ್ತಿದ್ದೇನೆ, ಇವತ್ತು ಮೊದಲ ಸಲ.

ಋಷಭ್ ಇವತ್ತೂ ಅದೇ ರಾಗ. “ಒಂದು ಸಾಕ್ಷಿ ಕೊಡಿ ಮೇಡಂ. ಬದುಕಿರುವ ಒಬ್ಬ ಮನುಷ್ಯ. ಒಂದೇ ಒಂದು.” ನಾನು ದಾಖಲೆ, ವರದಿ ಎಂದೆ. ಆತ ಕ್ಯಾಮರಾ ನೋಡಿ ಭುಜ ಕುಣಿಸಿದ. ವಿಡಿಯೊದ ಕೆಳಗೆ ಜನ ಬರೆದಿದ್ದಾರೆ: ಪಾಪ ಟೀಚರಮ್ಮ, ಕೈಯಲ್ಲಿ ಏನೂ ಇಲ್ಲ. ಎರಡು ನೂರ ಹದಿನೆಂಟು ಜನ ಅದನ್ನು ಮೆಚ್ಚಿದ್ದಾರೆ.

ಯಜಮಾನರಿಗೆ ತೋರಿಸಿದೆ. “ನೀ ಅದನ್ನ ಎಣಿಸಿದೇನು?” ಎಂದು ಮಾತ್ರ ಕೇಳಿದರು. ಇವರಿಗೆ ಹೊಟ್ಟೆಕಿಚ್ಚಿರಬಹುದು.

ಸೆಪ್ಟೆಂಬರ್ 10, ಭಾನುವಾರ

ಇವತ್ತು ಅವನ ಬಾಯಿ ಮುಚ್ಚಿಸಿದೆ.

ಮತ್ತೆ ಸಾಕ್ಷಿ ಎಂದ. ನಾನು ಹೇಳಿದೆ: ಬದುಕಿದ್ದಾನೆ. ಇದೇ ಊರಿನಲ್ಲಿದ್ದಾನೆ. ಒಬ್ಬ ಹೆಂಗಸನ್ನೂ ಅವಳ ಎರಡು ಮಕ್ಕಳನ್ನೂ ಜೋಳದ ಹಗೇವಿಗಿಳಿಸಿ, ಬಾಯಿ ಮೆತ್ತಿ, ಅದರ ಮೇಲೆ ಕೂತು ರೊಟ್ಟಿ ತಿಂದ. ಮೂವರೂ ಸತ್ತರು. ಅವತ್ತಿನಿಂದ ಆತ ರೊಟ್ಟಿ ಮುಟ್ಟಿಲ್ಲ. ಇನ್ನೇನು ಸಾಕ್ಷಿ ಬೇಕು?

ಋಷಭ್ ನೀರು ಕುಡಿದ. ಹದಿನೆಂಟು ಸೆಕೆಂಡು ಮೇಡಂ, ಒಂದು ಅಕ್ಷರ ಕತ್ತರಿಸಬೇಕಾಗಿಲ್ಲ ಎಂದು ಆಶಿಷ್ ಕೈ ಕುಲುಕಿದರು.

ಹೆಸರು ಹೇಳಿಲ್ಲ. ಊರು ಹೇಳಿಲ್ಲ. ಒಂದು ಮಾತೂ ಸುಳ್ಳಲ್ಲ. ನೋಡುವವರು ಹಿಂದಿ ಜನ, ಅವರಿಗೆ ಹಗೇವೂ ಗೊತ್ತಿಲ್ಲ, ರೊಟ್ಟಿಯ ವಿಷಯವೂ ಗೊತ್ತಿಲ್ಲ. ಯಾರಿಗೂ ತಿಳಿಯುವ ಹಾಗಿಲ್ಲ.

ಸೆಪ್ಟೆಂಬರ್ 12, ಮಂಗಳವಾರ

ನಾಲ್ಕು ಲಕ್ಷ ಜನ ನೋಡಿದ್ದಾರೆ. ಬೆಳಿಗ್ಗೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲೂ ಬಂತು. ಅದರ ಕೆಳಗೆ ಯಾರೋ ಬರೆದರು: ರೊಟ್ಟಿ ತಿನ್ನದಾವ್ರು ನಮ್ಮೊಳಗ ಒಬ್ಬರ ಅದಾರಲ್ಲ?

ಆಮೇಲೆ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನು ನೋಡುತ್ತ ಕೂತಿದ್ದೆ. ನನಗೆ ನಮ್ಮವರ ನೆನಪೇ ಆಗಿರಲಿಲ್ಲ. ಕ್ಯಾಮರಾದ ಆ ಕಡೆ ಊರೆಲ್ಲ ಕಂಡಿತ್ತು, ಶ್ರಾವಣದ ಪಂಕ್ತಿಯಲ್ಲಿ ಕೂತವರು ಮಾತ್ರ ಕಂಡಿರಲಿಲ್ಲ.

ಸಂಜೆ ಶೀತಲಳ ಫೋನು. ಅಳುತ್ತಿರಲಿಲ್ಲ. “ಅಕ್ಕಾರ, ನೀವು ಹೇಳಿದ್ದು ಅಪ್ಪಂದಾ? ಖರೇನಾ?” ಎಂದಳು. ಎರಡು ಮಾತಿನಲ್ಲಿ ಹೇಳುವಂಥದ್ದಲ್ಲ, ಭಾನುವಾರದ ವಿಶೇಷ ಚರ್ಚೆಯಲ್ಲಿ ಎಲ್ಲ ವಿವರಿಸುತ್ತೇನೆ ಎಂದೆ. ಫೋನಿಟ್ಟ ಮೇಲೆ ಇವರು ನನ್ನನ್ನೇ ನೋಡುತ್ತಿದ್ದರು. ಎದ್ದು ಒಳಗೆ ಹೋದರು.

ಸೆಪ್ಟೆಂಬರ್ 14, ಗುರುವಾರ

ಲಿಂಗಂಪಲ್ಲಿಗೆ ಹೋಗಿಬಂದೆ. ಗೇಟಿನ ಸರಳಿಗೆ ಯಾರೋ ಒಂದು ಜೋಳದ ರೊಟ್ಟಿ ಸಿಕ್ಕಿಸಿ ಹೋಗಿದ್ದರು. ಶೀತಲ ಅದನ್ನು ನನ್ನೆದುರೇ ಕಿತ್ತು ಹಿತ್ತಲಿಗೆ ಒಗೆದಳು. ಬೆಳಿಗ್ಗೆಯಿಂದ ಇದು ಎರಡನೆಯದಂತೆ. ನಿನ್ನೆ ಇಬ್ಬರು ಫೋನು ಹಿಡಿದು ಗೋಡೆಯಾಚೆಯಿಂದ ಚಿತ್ರ ತೆಗೆದರಂತೆ. ಬಸವ ಜಯಂತಿಗೆ ಹಿರಿಯರೆಂದು ಕಾಕಾಗೆ ಹೊದಿಸುತ್ತಿದ್ದ ಶಾಲು ಇನ್ನು ಬೇಡ, ಕೊಂದವನಿಗೆ ಯಾಕೆ ಎಂದು ಸಂಘದವರು ಮಾತಾಡಿಕೊಂಡಿದ್ದಾರೆ. ಶೀತಲ ಬ್ಯಾಂಕಿಗೆ ರಜೆ ಹಾಕಿದ್ದಾಳೆ.

ಅವಳು ನೀರು ತರಲು ಒಳಗೆ ಹೋದಾಗ ನಾನು ಕಾಕಾನ ಕಾಲು ಮುಟ್ಟಿದೆ. ತಪ್ಪಾಯಿತು ಎಂದೆ. ಕಾಕಾ ನನ್ನ ತೋಳು ಹಿಡಿದು ಎಬ್ಬಿಸಿದರು.

“ಹೇಳಿದಿ. ಹೋಗ್ಲಿ. ಎಪ್ಪತ್ತೈದು ವರ್ಷ ನಾನ ಕೂತಿದ್ದೆ ಅದರ ಮ್ಯಾಲ.” ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇನ್ನೊಂದು ಮಾತು ನೆನಪೈತಿಲ್ಲೋ?”

ಐತಿ ಕಾಕಾ ಎಂದೆ.

“ಅದನ್ನ ಟಿವ್ಯಾಗ ಹೇಳಬ್ಯಾಡ. ಶೀತಲಗ ಹೇಳು. ಆ ದಿನ ನೀ ಬಂದ ಬರ್ತಿ?”

ಬಂದೇ ಬರ್ತೀನಿ ಎಂದೆ. ಅಷ್ಟರಲ್ಲಿ ಶೀತಲ ನೀರು ತಂದಳು. ಕಾಕಾ ನಿನ್ನೆಯಿಂದ ಅನ್ನವನ್ನೂ ಸರಿಯಾಗಿ ಉಣ್ಣುತ್ತಿಲ್ಲವಂತೆ.

ಅವಳನ್ನು ಪಕ್ಕಕ್ಕೆ ಕರೆದು ಹಗೇವಿನ ಕಥೆಯನ್ನಾದರೂ ಪೂರ್ತಿ ಹೇಳಬಹುದಿತ್ತು. ನಾಲ್ಕು ಲಕ್ಷ ಜನರೆದುರು ಆದ ತಪ್ಪನ್ನು ನಾಲ್ಕು ಲಕ್ಷ ಜನರೆದುರೇ ತಿದ್ದಬೇಕು. ಅವಳೊಬ್ಬಳಿಗೆ ಹೇಳಿದರೆ ಏನು ಪ್ರಯೋಜನ? ಭಾನುವಾರಕ್ಕೆ ಆರು ನಿಮಿಷ ಬೇಕೆಂದು ಆಶಿಷ್‌ಗೆ ಹೇಳಿದ್ದೇನೆ. ನಾಲ್ಕು ಕೊಡುತ್ತಾರಂತೆ.

ಸೆಪ್ಟೆಂಬರ್ 18, ಸೋಮವಾರ

ನಿನ್ನೆ ಹತ್ತು ಗಂಟೆಗೆ ಬುಟ್ಟಿಯಲ್ಲಿ ಫೋನು ಹಾಕಿದೆ. ಹದಿನೇಳನೆಯ ತಾರೀಖು, ನೇರ ಪ್ರಸಾರ. ನಾಲ್ಕು ನಿಮಿಷದಲ್ಲಿ ಎಲ್ಲವನ್ನೂ ಹೇಳಿದೆ. ಅಡಗಿಸಲೆಂದೇ ಮುಚ್ಚಿದ ಎಂದೆ, ಹದಿನಾರರ ಹುಡುಗ ಎಂದೆ, ಉಳಿಸಲು ಹೋದವನು ಎಂದೆ. ಚೆನ್ನಾಗಿಯೇ ಹೇಳಿದೆ. ನಡುವೆ ಋಷಭ್ ಎರಡು ಸಲ ಬಾಯಿ ಹಾಕಿದ. ಒಂದು ಗಂಟೆಗೆ ಮುಗಿಯಿತು.

ಒಂದು ಗಂಟೆಗೆ ನಾನು ಹೊರಗೆ ಬರಬಹುದಿತ್ತು.

ಅವನು ಬಾಯಿ ಹಾಕಿದ ಕಡೆ ನನ್ನ ಮಾತು ಒಡೆದು ಕೇಳುತ್ತದೆ, ನನ್ನದಷ್ಟನ್ನೇ ಇನ್ನೊಮ್ಮೆ ಚಿತ್ರಿಸಿ ಬೇರೆಯಾಗಿ ಹಾಕೋಣ ಎಂದು ಕೇಳಿದವಳು ನಾನೇ. ಊಟ ತರಿಸಿದರು. ಮೂರು ಸಲ ಮಾಡಿದೆವು. ಮೂರನೆಯದರಲ್ಲಿ ದನಿ ಸರಿಯಾದ ಜಾಗದಲ್ಲಿ ನಡುಗಿತು. ನನಗೆ ತೃಪ್ತಿಯಾಯಿತು, ಇಲ್ಲೇಕೆ ಸುಳ್ಳು ಬರೆಯಲಿ.

ಐದು ಗಂಟೆಗೆ ಬುಟ್ಟಿಯಿಂದ ಫೋನು ತೆಗೆದೆ. ಶೀತಲಳ ಹತ್ತೊಂಬತ್ತು ಕರೆ, ಇವರ ಹದಿನಾಲ್ಕು. ಕೆಳಗೆ ಶೀತಲಳ ಸಂದೇಶಗಳು.

10.10: ಅಪ್ಪ ಹೋದ್ರು ಅಕ್ಕಾರ.

10.40: ಮಣ್ಣು ಮಾಡೋಕಿಂತ ಮೊದಲ ದೇವೀನ ಕೇಳು ಅಂತ ರಾತ್ರಿ ಅಂದಿದ್ರು. ಏನ ಕೇಳಬೇಕ್ರಿ? ಫೋನ್ ಎತ್ತರಿ.

1.15: ಅಯ್ಯನೋರು ಬಂದಾರ. ಕುಣಿ ತೋಡಾಕತ್ತಾರ.

3.30: ನಾಳೆ ಗಣಪತಿ ಹಬ್ಬ, ಮೆರವಣಿಗಿ ಸುರು ಆಗತಾವಂತ. ನಾಕ ಗಂಟೆ ತನಕ ಅಷ್ಟ ಕಾಯ್ತಾರಂತ.

4.20: ಆತು ಅಕ್ಕಾರ.

ಆಟೋದಲ್ಲಿ ಹೋಗುವಾಗ ರಸ್ತೆಯ ತುಂಬ ಗಣಪತಿಗಳನ್ನು ಲಾರಿಯಲ್ಲಿ ತರುತ್ತಿದ್ದರು. ರುದ್ರಭೂಮಿ ತಲುಪಿದಾಗ ಜನ ಚದುರಿದ್ದರು. ಹಸಿಮಣ್ಣನ್ನು ಸಮ ಮಾಡಿ ಮೇಲೆ ಹೂವು ಹಾಕಿದ್ದರು. ಇವರು ಹೆಗಲು ಕೊಟ್ಟು, ಮಣ್ಣು ಹಾಕಿ, ಕೈ ತೊಳೆಯುತ್ತ ನಿಂತಿದ್ದರು. ಎರಡನೆಯ ಮಾತು ಇವರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. “ಆ ಆಶಿಷಗೂ ಫೋನ್ ಹಚ್ಚಿದೆ. ಅವನದೂ ಬಂದ್ ಇತ್ತು” ಎಂದರು.

ಸೆಪ್ಟೆಂಬರ್ 20, ಬುಧವಾರ

ಹೇಳಬೇಕೆಂದೇ ಹೋದೆ. ಇಪ್ಪತ್ತೇಳನೆಯ ಕ್ಯಾಸೆಟ್ಟನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಲಿಂಗಂಪಲ್ಲಿಯ ರೈಲಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿಕೊಂಡೆ, ಎಲ್ಲಿಂದ ಸುರು ಮಾಡಬೇಕು, ಹುಸೇನಬೀಯ ಹೆಸರನ್ನು ಎಲ್ಲಿ ಹೇಳಬೇಕು. ಆರು ವಾರದ ಚರ್ಚೆಯಲ್ಲಿ ಆ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ ಎಂಬುದು ಅಲ್ಲಿ ಹೊಳೆಯಿತು.

ಶೀತಲ ಬಾಗಿಲಲ್ಲೇ ನಿಲ್ಲಿಸುತ್ತಾಳೆ ಅಂದುಕೊಂಡಿದ್ದೆ. ಒಳಗೆ ಕರೆದು ಚಾಪೆ ಹಾಸಿದಳು. ಭಾನುವಾರದ ಚರ್ಚೆಯನ್ನು ಯಾರೋ ತೋರಿಸಿದರಂತೆ, ಪೂರ್ತಿ ನೋಡಲು ಆಗಲಿಲ್ಲವಂತೆ. ಅವಳ ಅಪ್ಪ ಹೋದ ಹೊತ್ತಿಗೆ ನಾನು ಪೌಡರು ಹಚ್ಚಿಸಿಕೊಳ್ಳುತ್ತಿದ್ದೆ.

ಮಣ್ಣು ಮಾಡಿದ್ದನ್ನು ಅವಳೇ ಹೇಳತೊಡಗಿದಳು. ತಾನು ನಿಂತು ಎಲ್ಲ ನೋಡಿದೆ ಎಂದಳು. ಕುಣಿಯೊಳಗೆ ಉಪ್ಪು ಹಾಕಿ, ವಿಭೂತಿ ಇಟ್ಟು, ನಿಧಾನ ಇಳಿಸಿ ಕೂಡಿಸಿದರಂತೆ. “ಛಲೋ ಕುಂತಿದ್ರು ಅಕ್ಕಾರ. ನಿದ್ದಿ ಹತ್ತಿದಂಗಿತ್ತು. ಒಂದು ಹಿಡಿ ಮಣ್ಣು ನಾನೂ ಹಾಕಿದೆ.” ಅಷ್ಟು ಹೇಳುವಾಗ ಅವಳ ಮುಖದಲ್ಲಿ ಸ್ವಲ್ಪ ಸಮಾಧಾನವಿತ್ತು. ಈ ಎಂಟು ದಿನದಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ.

ಆಮೇಲೆ ಕೇಳಿದಳು. “ನಾ ನಿಮಗ ಬೈಯಂಗಿಲ್ಲ. ಒಂದ ಕೇಳ್ತೀನಿ. ದೇವೀನ ಕೇಳು ಅಂದಿದ್ರಲ್ಲ ಅಪ್ಪ, ಏನ ಕೇಳಬೇಕಿತ್ತು?”

ಚೀಲ ತೊಡೆಯ ಮೇಲಿತ್ತು. ಒಳಗೆ ಕ್ಯಾಸೆಟ್ಟಿನ ಮೂಲೆ ಕೈಗೆ ಸಿಗುತ್ತಿತ್ತು. ಊರಿಗೆಲ್ಲ ಹೇಳಿದವಳಿಗೆ ಇವಳೊಬ್ಬಳಿಗೆ ಹೇಳಲು ನಾಲಿಗೆ ಏಳಲಿಲ್ಲ.

“ಏನಿಲ್ಲವ್ವಾ,” ಎಂದೆ. “ನಿನ್ನ ನೋಡ್ಕೋ ಅಂದಿದ್ರು, ಅಷ್ಟ.”

ಅವಳು ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಹಸಿದು ಬಂದಿರುತ್ತೀರಿ, ಉಣ್ಣಬೇಕು ಎಂದಳು. ಸೂತಕದ ಮನೆಯೆಂದು ಆಜುಬಾಜಿನವರು ಅಡಿಗೆ ಕಳಿಸಿದ್ದರು. ಅಪ್ಪಗೆ ಬೇಡವೆಂದು ಈ ಮನೆಯಲ್ಲಿ ಯಾವತ್ತೂ ಮಾಡಿರಲಿಲ್ಲ ಎನ್ನುತ್ತ ತಾಟಿನಲ್ಲಿ ಜೋಳದ ರೊಟ್ಟಿ, ಪಲ್ಯ ಹಾಕಿ ತಂದಿಟ್ಟಳು.

ಬೇಡವೆಂದರೆ ಯಾಕೆ ಎಂದು ಕೇಳುತ್ತಿದ್ದಳು. ಅಲ್ಲೇ ಕೂತು ಎರಡು ರೊಟ್ಟಿ ತಿಂದೆ.